ಬೊಲಿವಿಯಾಕ್ಕೆ ಹೊರಡುವ ಮುನ್ನ ಪ್ರವಾಸದ ದಾರಿಯನ್ನೇ ತಿದ್ದಿಕೊಳ್ಳಿ

ಪ್ರಶ್ನೆ: ನನಗೆ 56 ವರ್ಷ, ನಮ್ಮ ಯಜಮಾನರಿಗೆ 61. ಬರುವ ಜುಲೈಯಲ್ಲಿ ಮಗಳ ಜೊತೆ ಹನ್ನೊಂದು ದಿನಗಳ ಬೊಲಿವಿಯಾ ಪ್ರವಾಸ ಹಾಕಿಕೊಂಡಿದ್ದೇವೆ. ಬೆಂಗಳೂರಿನಿಂದ ಹೊರಟು ಲಾ ಪಾಸ್‌ನಲ್ಲಿ ಇಳಿಯುವುದು, ಮರುದಿನವೇ ಉಯುನಿಯ ಉಪ್ಪಿನ ಬಯಲಿಗೆ ಹೋಗುವುದು, ಅಲ್ಲಿಂದ ಮೂರು ದಿನ ಜೀಪಿನಲ್ಲಿ ಸರೋವರಗಳನ್ನು ನೋಡುವುದು ಎಂದು ಯೋಜನೆ. ಯಜಮಾನರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಬ್ಬರೂ ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುತ್ತೇವೆ. ಹಿಂದೊಮ್ಮೆ ಕೇದಾರನಾಥಕ್ಕೆ ಹೋಗಿದ್ದೆವು. ಅಲ್ಲಿ ಉಳಿದ ರಾತ್ರಿ ಅವರಿಗೆ ತಲೆನೋವು, ವಾಂತಿ ಆಗಿದ್ದು ಬಿಟ್ಟರೆ ಏನೂ ತೊಂದರೆಯಾಗಲಿಲ್ಲ. ಶುದ್ಧ ಸಸ್ಯಾಹಾರಿಗಳು. ಕರ್ಪೂರ ಮತ್ತು ಸಣ್ಣ ಆಕ್ಸಿಜನ್ ಕ್ಯಾನ್ ಒಯ್ದರೆ ಸಾಕೇ? ಇನ್ನೇನು ಸಿದ್ಧತೆ ಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನೀವು 'ಬಿಟ್ಟರೆ' ಎಂದು ದಾಟಿಸಿಬಿಟ್ಟಿರುವ ಸಂಗತಿಯಿಂದಲೇ ಆರಂಭಿಸುತ್ತೇನೆ. ಕೇದಾರನಾಥದಲ್ಲಿ ನಿಮ್ಮ ಯಜಮಾನರಿಗೆ ಆದ ತಲೆನೋವು, ವಾಂತಿ ಬಹುಮಟ್ಟಿಗೆ ಎತ್ತರದ ಕಾಯಿಲೆಯೇ. ಬೆಟ್ಟ ಹತ್ತಿದ ಆಯಾಸ, ಹೊರಗಿನ ಊಟ ಎಂದುಕೊಂಡು ಹೆಚ್ಚಿನವರು ಅದನ್ನು ಮರೆಯುತ್ತಾರೆ. ಮರುದಿನ ಕೆಳಗಿಳಿಯುತ್ತಲೇ ವಾಸಿಯಾಗುವುದರಿಂದ ಮರೆಯುವುದು ಸುಲಭವೂ ಹೌದು. ಯಾರಿಗೆ ಎತ್ತರದಲ್ಲಿ ತೊಂದರೆಯಾದೀತು ಎಂದು ಮೊದಲೇ ಹೇಳಲು ನಮ್ಮ ಬಳಿ ರಕ್ತಪರೀಕ್ಷೆಯಿಲ್ಲ, ಟ್ರೆಡ್‌ಮಿಲ್ ಪರೀಕ್ಷೆಯೂ ಕೆಲಸಕ್ಕೆ ಬರುವುದಿಲ್ಲ. ಇರುವುದರಲ್ಲಿ ನಂಬಬಹುದಾದ ಸುಳಿವು ಒಂದೇ: ಹಿಂದೆ ಎತ್ತರಕ್ಕೆ ಹೋದಾಗ ಏನಾಗಿತ್ತು ಎಂಬುದು. ಆ ಸುಳಿವು ನಿಮ್ಮ ಕೈಯಲ್ಲೇ ಇದೆ.

ಕೇದಾರನಾಥ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ನೀವು ಗೌರಿಕುಂಡದಿಂದ ಹತ್ತಿ, ಒಂದು ರಾತ್ರಿ ಕಳೆದು ಇಳಿದಿದ್ದೀರಿ. ಲಾ ಪಾಸ್ ನಗರದ ಮಧ್ಯಭಾಗವೇ ಸುಮಾರು 3,640 ಮೀಟರ್. ವಿಮಾನ ಇಳಿಯುವ ಎಲ್ ಆಲ್ಟೊ ಇನ್ನೂ ಮೇಲೆ, 4,060 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎಂದು ನೆನೆದರೆ ಅಂದಾಜು ಸಿಗುತ್ತದೆ. ಲಾ ಪಾಸ್‌ನಷ್ಟು ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21 ಇದ್ದೇ ಇರುತ್ತದೆ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೆ ಇಳಿದಿರುವುದರಿಂದ ಪ್ರತಿ ಉಸಿರಿನಲ್ಲೂ ಒಳಹೋಗುವ ಆಮ್ಲಜನಕ ಅಷ್ಟೇ ಕಡಿಮೆಯಾಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಹೆಚ್ಚುತ್ತದೆ, ಅದರಿಂದ ಏರುಪೇರಾದ ರಕ್ತದ ಆಮ್ಲ-ಕ್ಷಾರದ ಸಮತೋಲವನ್ನು ಮೂತ್ರಪಿಂಡಗಳು ನಿಧಾನವಾಗಿ ಸರಿಪಡಿಸುತ್ತವೆ. ಈ ಕೆಲಸಕ್ಕೆ ಕೆಲವು ದಿನ ಬೇಕೇ ಬೇಕು. ದಿನಾ ನಡೆಯುವ ಅಭ್ಯಾಸ ಹೃದಯಕ್ಕೆ, ಮೊಣಕಾಲಿಗೆ ಬಹಳ ಒಳ್ಳೆಯದು, ಬಿಡಬೇಡಿ. ಆದರೆ ಈ ಹೊಂದಾಣಿಕೆಯನ್ನು ಅದು ಬೇಗ ಮುಗಿಸಿಕೊಡುವುದಿಲ್ಲ. ಗಟ್ಟಿಮುಟ್ಟಾದ ಯುವಕರು ಮೊದಲ ದಿನವೇ ಉತ್ಸಾಹದಿಂದ ಓಡಾಡಿ ಮಲಗಿಬಿಡುವುದನ್ನು ಎತ್ತರದ ಊರುಗಳ ವೈದ್ಯರು ಎಲ್ಲೆಡೆ ಕಾಣುತ್ತಾರೆ.

ಆದ್ದರಿಂದ ನೀವು ಮೊದಲು ಮಾಡಬೇಕಾದ ಸಿದ್ಧತೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಊರುಗಳ ಸರದಿಯನ್ನು ಬದಲಿಸಿ. ಬೊಲಿವಿಯಾದ ಭೂಗೋಳ ಈ ವಿಷಯದಲ್ಲಿ ಪ್ರಯಾಣಿಕರಿಗೆ ದೊಡ್ಡ ಉಪಕಾರ ಮಾಡಿದೆ. ದೇಶದ ಅತಿ ದೊಡ್ಡ ನಗರ ಸಾಂಟಾ ಕ್ರೂಸ್ ಕೇವಲ 416 ಮೀಟರ್ ಎತ್ತರದ ಬಯಲಿನಲ್ಲಿದೆ, ಅಂತರರಾಷ್ಟ್ರೀಯ ವಿಮಾನಗಳೂ ಅಲ್ಲಿಗೆ ಬರುತ್ತವೆ. ಅಲ್ಲಿ ಇಳಿದು ಎರಡು ರಾತ್ರಿ ಉಳಿಯಿರಿ. ಬೊಲಿವಿಯಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿದೆ. ಆ ನಿದ್ದೆಗೇಡನ್ನು ಬೆಚ್ಚಗಿನ, ತಗ್ಗಿನ ಊರಿನಲ್ಲೇ ಕಳೆದುಕೊಳ್ಳಿ. ಬಳಿಕ ವಿಮಾನದಲ್ಲಿ ಸುಕ್ರೆಗೆ ಹೋಗಿ. ದೇಶದ ಸಾಂವಿಧಾನಿಕ ರಾಜಧಾನಿಯಾದ, ಬಿಳಿ ಸುಣ್ಣದ ಗೋಡೆಗಳ ಈ ಹಳೆಯ ಊರು 2,800 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮೂರು ರಾತ್ರಿಗಿಂತ ಕಡಿಮೆ ಮಾಡಬೇಡಿ. ನಡುವೆ ಭಾನುವಾರ ಸಿಕ್ಕರೆ ಹತ್ತಿರದ ತರಾಬುಕೊ ಸಂತೆಗೆ ಹೋಗಿ ಬನ್ನಿ. ಅದು ಸುಕ್ರೆಗಿಂತ ಸುಮಾರು 500 ಮೀಟರ್ ಮೇಲಿದೆ. ಹಗಲು ಮೇಲೆ ಅಡ್ಡಾಡಿ ರಾತ್ರಿ ಕೆಳಗೆ ಮಲಗುವುದು ದೇಹಕ್ಕೆ ಒಳ್ಳೆಯ ಪಾಠ. ಲೆಕ್ಕಕ್ಕೆ ಹಿಡಿಯಬೇಕಾದದ್ದು ನೀವು ಮಲಗುವ ಜಾಗದ ಎತ್ತರವನ್ನು. ಹಗಲಿನಲ್ಲಿ ಸ್ವಲ್ಪ ಹೊತ್ತು ಮುಟ್ಟಿ ಬರುವ ಎತ್ತರ ಅಷ್ಟು ಬಾಧಿಸುವುದಿಲ್ಲ.

ಸುಕ್ರೆಯಿಂದ ರಸ್ತೆಯಲ್ಲಿ ಪೊಟೊಸಿ ಮೂಲಕ ಉಯುನಿ ತಲುಪಬಹುದು, ಇಡೀ ದಿನದ ಪ್ರಯಾಣ. ಪೊಟೊಸಿ ಸುಮಾರು 4,070 ಮೀಟರ್ ಎತ್ತರದ ಬೆಳ್ಳಿ ಗಣಿಯ ಊರು. ಅದರ ಚರಿತ್ರೆ ಎಷ್ಟೇ ಸೆಳೆದರೂ ಈ ಸಲ ಅಲ್ಲಿ ರಾತ್ರಿ ಉಳಿಯಬೇಡಿ. ಉಯುನಿ 3,670 ಮೀಟರ್ ಸುಮಾರಿಗಿದೆ. ಮಲಗುವ ಎತ್ತರ 3,000 ಮೀಟರ್ ದಾಟಿದ ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ರೂಢಿಯ ನಿಯಮ. ಸುಕ್ರೆಯಿಂದ ಉಯುನಿಗೆ ಏರುವಾಗ ಅದು ಸ್ವಲ್ಪ ಮುರಿಯುತ್ತದೆ, ಅದಕ್ಕೇ ಸುಕ್ರೆಯಲ್ಲಿ ಮೂರು ರಾತ್ರಿ ಎಂದದ್ದು. ತಲುಪಿದ ದಿನ ವಿಶ್ರಾಂತಿ, ಮರುದಿನ ಉಪ್ಪಿನ ಬಯಲು. ಲಾ ಪಾಸ್ ಕೊನೆಗಿರಲಿ. ಅಷ್ಟರಲ್ಲಿ ದೇಹ ಪಳಗಿರುತ್ತದೆ, ಕೇಬಲ್ ಕಾರಿನಲ್ಲಿ ಕುಳಿತು ನಗರವನ್ನು ಮೇಲಿನಿಂದ ನೋಡುತ್ತಾ ಎಲ್ ಆಲ್ಟೊಗೆ ಏರುವಾಗ ಖುಷಿಯೇ ಆಗುತ್ತದೆ. 3,812 ಮೀಟರ್ ಎತ್ತರದ ಟಿಟಿಕಾಕಾ ಸರೋವರವನ್ನೂ ಆಗಲೇ ನೋಡಿ. ಇಷ್ಟಕ್ಕೆ ಹನ್ನೊಂದು ದಿನ ಸಾಲದು, ಹದಿನಾಲ್ಕಾದರೂ ಬೇಕು. ರಜೆ ಅಷ್ಟು ಸಿಗದಿದ್ದರೆ ನೋಡುವ ಊರುಗಳನ್ನು ಕಡಿಮೆ ಮಾಡಿ, ಏರುವ ವೇಗವನ್ನು ಮಾತ್ರ ಹೆಚ್ಚಿಸಬೇಡಿ.

ಜೀಪ್ ಪ್ರವಾಸದ ಬಗ್ಗೆ ಖಂಡಿತವಾದ ಅಭಿಪ್ರಾಯ ಹೇಳುತ್ತೇನೆ, ಬೇಸರವಾಗಬಹುದು. ಅದರಲ್ಲಿ ಎರಡನೆಯ ರಾತ್ರಿ ಸಾಮಾನ್ಯವಾಗಿ ಕೆಂಪು ನೀರಿನ ಲಗುನಾ ಕೊಲೊರಾಡಾ ಆಸುಪಾಸಿನಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ ಕಳೆಯುತ್ತದೆ. ಮರುದಿನ ನಸುಕಿನಲ್ಲೇ 4,850 ಮೀಟರ್ ಎತ್ತರದ ಸೋಲ್ ದೆ ಮನ್ಯಾನಾ ಎಂಬ, ಬಿಸಿ ಹಬೆ, ಕುದಿಯುವ ಕೆಸರು ಚಿಮ್ಮುವ ಬುಗ್ಗೆಗಳಿಗೆ ಕರೆದೊಯ್ಯುತ್ತಾರೆ. ಜುಲೈ ಅಲ್ಲಿ ನಡುಚಳಿಗಾಲ. ರಾತ್ರಿಯ ಉಷ್ಣತೆ ಸೊನ್ನೆಗಿಂತ 15–20 ಡಿಗ್ರಿ ಕೆಳಗಿಳಿಯುತ್ತದೆ, ಸಾಧಾರಣ ತಂಗುದಾಣಗಳಲ್ಲಿ ಕೋಣೆ ಕಾಯಿಸುವ ವ್ಯವಸ್ಥೆ ಇರುವುದಿಲ್ಲ, ಆಸ್ಪತ್ರೆ ಗಂಟೆಗಟ್ಟಲೆ ದೂರ. ಎಲ್ಲಕ್ಕಿಂತ ಮುಖ್ಯವಾಗಿ, ನಡುರಾತ್ರಿ ಯಾರಿಗಾದರೂ ಉಸಿರು ಕಟ್ಟಿದರೆ ಬೇಗನೆ ಇಳಿಯಲು ಹತ್ತಿರದಲ್ಲಿ ತಗ್ಗಿನ ಜಾಗವೇ ಇಲ್ಲ. ಕೇದಾರನಾಥದ ಅನುಭವ ಇರುವ, 61 ವರ್ಷದ, ರಕ್ತದೊತ್ತಡ ಇರುವ ಒಬ್ಬರನ್ನು ನಾನು ಅಲ್ಲಿಗೆ ಕಳುಹಿಸಲಾರೆ. ಉಪ್ಪಿನ ಬಯಲನ್ನು ಹಗಲಿಡೀ ನೋಡಿ ಸಂಜೆ ಉಯುನಿಗೆ ಮರಳಿ. 10,000 ಚದರ ಕಿಲೋಮೀಟರಿಗೂ ಮಿಕ್ಕಿದ ಆ ಬಿಳಿ ಬಯಲೇ ಇಡೀ ಪ್ರವಾಸಕ್ಕೆ ಸಾಕಾಗುವಷ್ಟಿದೆ. ಮಗಳಿಗೆ ಆಸೆಯಿದ್ದರೆ, ಉಯುನಿಯಲ್ಲಿ ಎರಡು ದಿನ ಆರಾಮವಾಗಿದ್ದ ಮೇಲೆ ಅವಳು ಹೋಗಿ ಬರಲಿ.

ಇನ್ನು ಕರ್ಪೂರ. ಅದರ ಘಾಟು ಮೂಗು ತೆರೆದಂತೆ ಭಾಸವಾಗುವಂತೆ ಮಾಡುತ್ತದೆ, ರಕ್ತದ ಆಮ್ಲಜನಕವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಹೊಟ್ಟೆಗೆ ಹೋದರೆ ವಿಷ, ಬೆಂಕಿ ಹತ್ತುವ ವಸ್ತು ಬೇರೆ, ಮನೆಯಲ್ಲೇ ಬಿಡಿ. ಆಕ್ಸಿಜನ್ ಕ್ಯಾನನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಬಿಟ್ಟರೂ ಅದರಲ್ಲಿರುವುದು ಕೆಲವು ನಿಮಿಷದ ಸಮಾಧಾನ ಮಾತ್ರ. ಎಲ್ ಆಲ್ಟೊ ವಿಮಾನ ನಿಲ್ದಾಣದಲ್ಲಿ, ಲಾ ಪಾಸ್‌ನ ಹಲವು ಹೋಟೆಲುಗಳಲ್ಲಿ ಆಮ್ಲಜನಕದ ವ್ಯವಸ್ಥೆ ಇರುತ್ತದೆ. ಕೋಣೆ ಕಾಯ್ದಿರಿಸುವಾಗ ಈ ಒಂದು ಪ್ರಶ್ನೆಯನ್ನು ಕೇಳಿಯೇ ಹಣ ಕಟ್ಟಿ.

ನಿಜವಾಗಿ ಉಪಯೋಗವಾಗುವ ಔಷಧ ಅಸೆಟಜೋಲಮೈಡ್. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಹೆಚ್ಚು ಜನರಿಗೆ ಗೊತ್ತು. ಮೂತ್ರಪಿಂಡಗಳು ನಿಧಾನವಾಗಿ ಮಾಡುವ ಆ ಹೊಂದಾಣಿಕೆಯನ್ನೇ ಇದು ಚುರುಕುಗೊಳಿಸುತ್ತದೆ. ತಡೆಗಾಗಿ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಬಾರಿ. ನಮ್ಮಲ್ಲಿ ಸಿಗುವ ಮಾತ್ರೆ 250 ಮಿಲಿಗ್ರಾಂ ಆದ್ದರಿಂದ ಅರ್ಧ ಅರ್ಧ. ಸುಕ್ರೆಗೆ ಹೊರಡುವ ಹಿಂದಿನ ದಿನ ಶುರುಮಾಡಿ ಉಯುನಿಯಲ್ಲಿ ಎರಡು ದಿನ ಕಳೆಯುವವರೆಗೆ ಮುಂದುವರಿಸುವುದು ನಿಮ್ಮ ಯಜಮಾನರಿಗೆ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಆದರೆ ಅಂತಿಮ ಮಾತು ಅವರನ್ನು ನೋಡುತ್ತಿರುವ ವೈದ್ಯರದು. ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನು ತೋರಿಸಿ ಮಾತನಾಡಿ. ಅದರೊಳಗೆ ಮೂತ್ರ ಹೆಚ್ಚಿಸುವ ಔಷಧವೂ ಸೇರಿದ್ದರೆ ಎರಡೂ ಕೂಡಿ ನೀರು, ಪೊಟ್ಯಾಸಿಯಂ ಎರಡನ್ನೂ ಇಳಿಸಬಹುದು. ಸಲ್ಫಾ ಔಷಧಗಳ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಬೆರಳ ತುದಿ, ತುಟಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಈ ಮಾತ್ರೆಯ ಸಹಜ ಪರಿಣಾಮಗಳು. ಊರಿನಲ್ಲೇ ಒಂದೆರಡು ದಿನ ತೆಗೆದುಕೊಂಡು ನೋಡಿದರೆ ಅಲ್ಲಿ ಗಾಬರಿಯಾಗುವುದಿಲ್ಲ.

ಗಾಬರಿ ಹುಟ್ಟಿಸುವ ಇನ್ನೊಂದು ವಸ್ತು, ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್. ಆಗ 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಎಂದು ಎಲ್ಲರೂ ಕಲಿತಿದ್ದೆವು. ಆ ಲೆಕ್ಕ ಲಾ ಪಾಸ್‌ನಲ್ಲಿ ನಡೆಯುವುದಿಲ್ಲ. ಹೊಸದಾಗಿ ಅಲ್ಲಿಗೆ ಹೋದ ಆರೋಗ್ಯವಂತರ ಬೆರಳಿನಲ್ಲೂ 85ರಿಂದ 90ರ ಆಸುಪಾಸಿನ ಅಂಕಿ ಕಾಣುವುದು ಸಾಮಾನ್ಯ, ಬೆರಳು ತಣ್ಣಗಿದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಒಯ್ಯುವುದಾದರೆ ಒಯ್ಯಿರಿ, ಆದರೆ ಅಂಕಿಗಿಂತ ಮನುಷ್ಯನನ್ನು ನೋಡಿ. ರಾತ್ರಿ ಮಲಗಿದಾಗ ನಿಮ್ಮ ಯಜಮಾನರ ಉಸಿರು ಜೋರಾಗುತ್ತಾ ಹೋಗಿ, ಇದ್ದಕ್ಕಿದ್ದಂತೆ ಕೆಲವು ಸೆಕೆಂಡು ನಿಂತು, ದೀರ್ಘವಾಗಿ ಎಳೆದುಕೊಂಡು ಮತ್ತೆ ಶುರುವಾಗುವುದನ್ನು ಕಂಡು ನೀವು ಎದ್ದು ಕೂರಬಹುದು. ಹೊಸಬರಲ್ಲಿ ಇದು ಬಹಳ ಸಾಮಾನ್ಯ, ಇದೊಂದೇ ಇದ್ದರೆ ಅಪಾಯವಿಲ್ಲ. ನಿದ್ದೆ ಬರುತ್ತಿಲ್ಲವೆಂದು ನಿದ್ದೆ ಮಾತ್ರೆಯನ್ನು ಮಾತ್ರ ಕೊಡಬೇಡಿ. ಅದು ಉಸಿರಾಟವನ್ನೇ ಕುಗ್ಗಿಸುತ್ತದೆ.

ಹಾಗಾದರೆ ಯಾವುದಕ್ಕೆ ಹೆದರಬೇಕು? ತಲುಪಿದ ಆರು–ಹನ್ನೆರಡು ಗಂಟೆಗಳಲ್ಲಿ ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು ಕಾಣಿಸಿದರೆ ಅದು ಸೌಮ್ಯ ರೂಪ. ಆ ದಿನ ಮೇಲೆ ಏರದೆ ವಿಶ್ರಾಂತಿ ಪಡೆದು, ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕುಳಿತಲ್ಲೇ ಏದುಸಿರು ಬಂದರೆ, ಬಿಡದ ಕೆಮ್ಮಿದ್ದರೆ, ನಾಲ್ಕು ಹೆಜ್ಜೆಗೆ ಸುಸ್ತಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಇದು ಹೆಚ್ಚಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ ಬರುತ್ತದೆ. ಮಾತು ತೊದಲುವುದು, ಗೊಂದಲ, ತೂರಾಡುವ ನಡಿಗೆ ಕಂಡರೆ ಮಿದುಳು ಊದಿಕೊಳ್ಳುತ್ತಿದೆ ಎಂದು ತಿಳಿಯಿರಿ. ಪರೀಕ್ಷಿಸಲು ಕೋಣೆಯ ನೆಲದ ಟೈಲಿನ ಗೆರೆ ಸಾಕು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಲು ಹೇಳಿ. ಊರಿನಲ್ಲೇ ಒಮ್ಮೆ ಮಾಡಿಸಿ ನೋಡಿಕೊಂಡಿರಿ. ಅಲ್ಲಿ ಅವರು ಗೆರೆಯ ಮೇಲೆ ನಿಲ್ಲಲಾರದೆ ಗೋಡೆ ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆಮ್ಲಜನಕ ಕೊಡಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ, ಕೆಳಗಿಳಿಸುವ ಏರ್ಪಾಡು ಮಾಡಿ. ಇಳಿಯುವುದಕ್ಕೆ ಸಮನಾದ ಔಷಧ ಬೇರೊಂದಿಲ್ಲ. ಈ ಲಕ್ಷಣಗಳನ್ನು ಮಗಳಿಗೂ ತಿಳಿಸಿ, ಏಕೆಂದರೆ ಮಿದುಳಿಗೆ ತೊಂದರೆಯಾದವರು ತಮಗೇನೂ ಆಗಿಲ್ಲವೆಂದೇ ಹೇಳುತ್ತಾರೆ.

ಮೊದಲ ದಿನಗಳಲ್ಲಿ ರಕ್ತದೊತ್ತಡ ತುಸು ಏರುತ್ತದೆ. ಯಂತ್ರ ಒಯ್ದು ದಿನಕ್ಕೊಮ್ಮೆ ನೋಡಿ ಬರೆದಿಡಿ, ಮಾತ್ರೆಯನ್ನು ತಪ್ಪಿಸಬೇಡಿ, ನೀವಾಗಿಯೇ ಹೆಚ್ಚಿಸಲೂಬೇಡಿ. ಎಷ್ಟಕ್ಕೆ ಏರಿದರೆ ಏನು ಮಾಡಬೇಕೆಂದು ವೈದ್ಯರಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ.

ಅಲ್ಲಿನವರು ಕೋಕಾ ಎಲೆ ಜಗಿಯಲು, ಅದರ ಕಷಾಯ ಕುಡಿಯಲು ಹೇಳುತ್ತಾರೆ. ಬೊಲಿವಿಯಾದಲ್ಲಿ ಅದು ಕಾನೂನುಬದ್ಧ, ಜನರ ಬದುಕಿನಲ್ಲಿ ಬೆರೆತ ಪದ್ಧತಿ. ಒಂದು ಲೋಟ ಬಿಸಿ ಕಷಾಯ ಹಿತವೇ, ಆದರೆ ಅದು ಎತ್ತರದ ಕಾಯಿಲೆಯನ್ನು ತಡೆಯುತ್ತದೆಂದು ನಂಬಿ ಮಾತ್ರೆ ಬಿಡಬೇಡಿ. ಅದನ್ನು ಕುಡಿದ ಮೇಲೆ ಮಾದಕವಸ್ತು ಪತ್ತೆಯ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆಯಿದೆ. ಮಗಳ ಕಚೇರಿಯಲ್ಲಿ ಅಂಥ ಪರೀಕ್ಷೆ ಇದ್ದರೆ ಅವಳು ದೂರವಿರಲಿ. ಬರುವಾಗ ಒಂದು ಎಲೆಯೂ, ಚಹಾದ ಒಂದು ಪೊಟ್ಟಣವೂ ಚೀಲದಲ್ಲಿ ಉಳಿಯಬಾರದು. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಕೋಕಾ ಎಲೆಯೂ ನಿಷಿದ್ಧ. ಅಲ್ಲಿನ ಔಷಧ ಅಂಗಡಿಗಳಲ್ಲಿ ಸೊರೊಚಿ ಎಂಬ ಮಾತ್ರೆಯೂ ಸಿಗುತ್ತದೆ. ಅದರಲ್ಲಿ ಆಸ್ಪಿರಿನ್, ಕೆಫೀನ್ ಇರುವುದರಿಂದ ಹೊಟ್ಟೆಹುಣ್ಣು ಇರುವವರಿಗೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ ಸಲ್ಲದು.

ಲಸಿಕೆಯ ಕೆಲಸವನ್ನು ಮಾತ್ರ ಮುಂದೂಡಬೇಡಿ. ಸೊಳ್ಳೆಯಿಂದ ಹರಡುವ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಬೊಲಿವಿಯಾ ಇದೆ. ಎತ್ತರದ ಲಾ ಪಾಸ್, ಉಯುನಿಗಳಲ್ಲಿ ಆ ಸೊಳ್ಳೆಯ ಭಯವಿಲ್ಲದಿದ್ದರೂ ಭಾರತಕ್ಕೆ ಮರಳುವಾಗ ವಿಮಾನ ನಿಲ್ದಾಣದಲ್ಲಿ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟ ಕೇಂದ್ರಗಳಲ್ಲಿ ಹಾಕಿಸಿದರಷ್ಟೇ ಅದಕ್ಕೆ ಬೆಲೆ, ಹಾಕಿಸಿದ ಹತ್ತು ದಿನಗಳ ನಂತರವೇ ಅದು ಊರ್ಜಿತ. 2016ರಿಂದ ಒಂದು ಸಲ ಹಾಕಿಸಿದರೆ ಜೀವನಪರ್ಯಂತ ನಡೆಯುತ್ತದೆ. ಇಲ್ಲಿ ನಿಮ್ಮ ಯಜಮಾನರ ವಯಸ್ಸು ಮತ್ತೆ ಮುಖ್ಯವಾಗುತ್ತದೆ. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರಿಗೆ ಮೊದಲ ಬಾರಿ ಕೊಡುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಕಿರಿಯರಿಗಿಂತ ಹೆಚ್ಚು, ಆದರೂ ಅಪರೂಪ. ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್ ಮಾತ್ರೆ, ಥೈಮಸ್ ಗ್ರಂಥಿಯ ಕಾಯಿಲೆ, ಮೊಟ್ಟೆಯ ತೀವ್ರ ಅಲರ್ಜಿ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಪರಿಶೀಲಿಸಿಯೇ ಹಾಕಿಸಬೇಕು. ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಈ ಚರ್ಚೆ ಮುಗಿಯಲಿ.

ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ದೆಹಲಿಯ ಬೊಲಿವಿಯಾ ರಾಯಭಾರ ಕಚೇರಿಯಿಂದಲೇ ಕೇಳಿ ತಿಳಿಯಿರಿ. ನೇರ ವಿಮಾನವಿಲ್ಲ, ನಡುವೆ ಬದಲಿಸಲೇಬೇಕು. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು. ವಿಮೆ ಕೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ ರಕ್ಷಣೆ ಇದೆ, ಮೊದಲೇ ಇದ್ದ ರಕ್ತದೊತ್ತಡವನ್ನು ಹೊರಗಿಟ್ಟಿದ್ದಾರೆಯೇ, ತುರ್ತಾಗಿ ಬೇರೆ ಊರಿಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನೂ ಓದಿ.

ಬಟ್ಟೆಯ ವಿಚಾರದಲ್ಲಿ ಒಂದು ದಪ್ಪ ಕೋಟಿಗಿಂತ ಪದರಪದರವಾಗಿ ಹಾಕಿ ತೆಗೆಯುವ ಬಟ್ಟೆ ಒಳ್ಳೆಯದು, ಏಕೆಂದರೆ ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಚಳಿಗೂ ಅಜಗಜಾಂತರ. ಅಲ್ಪಾಕಾ ಉಣ್ಣೆಯ ಸ್ವೆಟರ್, ಟೋಪಿಯನ್ನು ಲಾ ಪಾಸ್‌ನ ಸಗಾರ್ನಗಾ ಬೀದಿಯಲ್ಲಿ ಕೊಳ್ಳಬಹುದು, ಆದರೆ ನಿಮ್ಮ ದಾರಿಯಲ್ಲಿ ಉಯುನಿ ಮೊದಲು ಬರುವುದರಿಂದ ಮೈಗಂಟುವ ಉಷ್ಣದ ಒಳಉಡುಪು, ಕೈಗವಸು ಇಲ್ಲಿಂದಲೇ ಹೋಗಲಿ. ಚಳಿಗಿಂತ ಹೆಚ್ಚು ಜನ ಮೋಸಹೋಗುವುದು ಬಿಸಿಲಿನಿಂದ. ಗಾಳಿ ತಣ್ಣಗಿರುವುದರಿಂದ ಸುಡುತ್ತಿರುವುದೇ ತಿಳಿಯುವುದಿಲ್ಲ. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಮೇಲಾಗಿ ಉಪ್ಪಿನ ಬಯಲು ಕನ್ನಡಿಯಂತೆ ಅದನ್ನು ಕೆಳಗಿನಿಂದಲೂ ಎಸೆಯುತ್ತದೆ. ಗದ್ದದ ಅಡಿ, ಕಿವಿಯ ಹಿಂದೆ, ಮೂಗಿನ ಹೊಳ್ಳೆಯ ಅಂಚು, ಇಲ್ಲೆಲ್ಲ ಸನ್‌ಸ್ಕ್ರೀನ್ ಹಚ್ಚಬೇಕು. ಬದಿಯಿಂದಲೂ ಬೆಳಕು ತಡೆಯುವ ತಂಪು ಕನ್ನಡಕ ಇಲ್ಲದೆ ಬಯಲಿಗೆ ಕಾಲಿಡಬೇಡಿ, ಕಣ್ಣಿನ ಪಾಪೆಯ ಮೇಲ್ಪದರವೇ ಸುಡುತ್ತದೆ. ನಮ್ಮ ಬಣ್ಣದವರಿಗೆ ಬಿಸಿಲು ತಾಗದು ಎಂಬ ಮಾತನ್ನು ನಂಬಬೇಡಿ.

ಊಟದ ಬಗ್ಗೆ ನಿಮಗೆ ಚಿಂತೆಯಿರುವುದು ಸಹಜ. ಆಲೂಗಡ್ಡೆ, ಕೀನ್ವಾ, ಮೆಕ್ಕೆಜೋಳ, ಅನ್ನ, ಚೀಸ್ ಧಾರಾಳ. ಹುಮಿಂತಾ ಎಂಬ, ರುಬ್ಬಿದ ಹಸಿ ಮೆಕ್ಕೆಜೋಳಕ್ಕೆ ಚೀಸ್ ಸೇರಿಸಿ ಅದರ ಸಿಪ್ಪೆಯಲ್ಲೇ ಸುತ್ತಿ ಬೇಯಿಸಿದ ಕಡುಬು ನಿಮಗೆ ಹಿಡಿಸೀತು. ಆದರೆ ಅದಕ್ಕೂ ಕೆಲವೆಡೆ ಹಂದಿಕೊಬ್ಬು ಬಳಸುತ್ತಾರೆ, ಕೇಳಿ ತಿನ್ನಿ. ಮಾಂಸ ಬೇಡವೆಂದರೆ ಕೋಳಿ ಹಾಕಿ ತರುತ್ತಾರೆ, ತರಕಾರಿ ಸಾರೂ ಹೆಚ್ಚಾಗಿ ಮೂಳೆ ಬೇಯಿಸಿದ ನೀರಿನದೇ. ಹಾಗಾಗಿ 'ನೊ ಕೊಮೊ ಕಾರ್ನೆ, ನಿ ಪೊಯ್ಯೊ, ನಿ ಪೆಸ್ಕಾದೊ, ನಿ ಕಾಲ್ದೊ ದೆ ಕಾರ್ನೆ' ಎಂದು, ಅಂದರೆ ಮಾಂಸ, ಕೋಳಿ, ಮೀನು, ಮಾಂಸದ ಸಾರು ಯಾವುದನ್ನೂ ತಿನ್ನುವುದಿಲ್ಲ ಎಂದು, ಸ್ಪ್ಯಾನಿಷ್ ಭಾಷೆಯಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಗೊಜ್ಜವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಶ್ರಣ ಒಯ್ಯುವುದು ಜಾಣತನ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಆದರೆ ಅವಲಕ್ಕಿ ನೆನೆಯಲು ಅಷ್ಟು ಸಾಕು. ಗಾಳಿ ತುಂಬಿದ ಪೊಟ್ಟಣಗಳು ಅಲ್ಲಿ ಉಬ್ಬಿ ಬಿರಿಯುತ್ತವೆ, ಉಪ್ಪಿನಕಾಯಿಯನ್ನು ಎರಡು ಚೀಲದಲ್ಲಿ ಕಟ್ಟಿ. ನಿಮ್ಮ ಹೊಟ್ಟೆಯೊಳಗಿನ ಗಾಳಿಯೂ ಹಾಗೇ ಉಬ್ಬುವುದರಿಂದ ಮೊದಲ ಎರಡು ರಾತ್ರಿ ಅರ್ಧ ಹೊಟ್ಟೆ ಉಂಡು ಬೇಗ ಮಲಗಿ. ವಿಮಾನ ನಿಲ್ದಾಣದಲ್ಲಿ ಆಹಾರ ಪದಾರ್ಥಗಳನ್ನು ಮುಚ್ಚಿಡದೆ ಘೋಷಿಸಿ. ಮಗಳು ಜೀಪಿನಲ್ಲಿ ಗಡಿ ದಾಟಿ ಚಿಲಿಗೆ ಹೋಗುವುದಿದ್ದರೆ ಹಣ್ಣು, ಬೀಜ, ಜೇನು, ಹಾಲಿನ ಪದಾರ್ಥಗಳ ವಿಷಯದಲ್ಲಿ ಅಲ್ಲಿನ ತಪಾಸಣೆ ಬಹಳ ಬಿಗಿ, ಘೋಷಿಸದಿದ್ದರೆ ದಂಡ.

ದುಡ್ಡು: 2011ರಿಂದ ಬಹುಕಾಲ ಒಂದು ಡಾಲರಿಗೆ 6.96 ಬೊಲಿವಿಯಾನೊ ಎಂಬ ದರ ಸ್ಥಿರವಾಗಿತ್ತು. 2023ರಿಂದ ಡಾಲರ್ ಅಭಾವ ಉಂಟಾಗಿ ಹೊರಗಿನ ದರ ಬೇರೆಯೇ ಆಯಿತು. ಹೊರಡುವ ವಾರ ದರ ನೋಡಿಕೊಳ್ಳಿ, ಡಾಲರ್ ನೋಟು ಕೈಯಲ್ಲಿರಲಿ. ಮಡಿಕೆ ಹರಿದ, ಶಾಯಿ ತಾಗಿದ ನೋಟನ್ನು ಅಲ್ಲಿ ಮುಟ್ಟುವುದಿಲ್ಲ. ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ಇಲ್ಲಿಂದಲೇ ಚಾಲೂ ಮಾಡಿಕೊಳ್ಳಿ. ವಿದ್ಯುತ್ತು ಹೆಚ್ಚಿನ ಕಡೆ ನಮ್ಮಂತೆಯೇ 230 ವೋಲ್ಟ್.

ಕೊನೆಯದಾಗಿ, ಬೊಲಿವಿಯಾದಲ್ಲಿ ರಸ್ತೆ ತಡೆ ಚಳವಳಿಗಳು ಸಾಮಾನ್ಯ. ಒಮ್ಮೊಮ್ಮೆ ದಿನಗಟ್ಟಲೆ ಬಸ್ಸುಗಳು ನಿಲ್ಲುತ್ತವೆ. ಹೋಟೆಲಿನವರನ್ನು ಹಿಂದಿನ ಸಂಜೆಯೇ ವಿಚಾರಿಸಿ, ಉಯುನಿಯಿಂದ ಲಾ ಪಾಸ್‌ಗೆ ಸಾಧ್ಯವಾದರೆ ವಿಮಾನದಲ್ಲೇ ಹೋಗಿ. ಮರಳುವ ಅಂತರರಾಷ್ಟ್ರೀಯ ವಿಮಾನವನ್ನು ಸಾಂಟಾ ಕ್ರೂಸ್‌ನಿಂದ ಇಟ್ಟುಕೊಂಡು, ಅದಕ್ಕೆ ಎರಡು ರಾತ್ರಿ ಮೊದಲೇ ಅಲ್ಲಿಗೆ ಇಳಿದುಬಿಡಿ. ಯಜಮಾನರ ಮಾತ್ರೆಗಳನ್ನು ಲೆಕ್ಕಕ್ಕಿಂತ ಒಂದು ವಾರದಷ್ಟು ಹೆಚ್ಚಿಗೆ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲೇ ಇಟ್ಟುಕೊಳ್ಳಿ.